ಹನ್ನೆರಡು ಮಂದಿಗೊಂದು ಮೇಜು

ಬೆಂಗಳೂರಿನ ಕಚೇರಿಗಳಲ್ಲಿ ವರ್ಷಕ್ಕೆ ಎರಡು ಮೂರು ಬಾರಿಯಾದರೂ ಒಂದು ಸಣ್ಣ ಬಿಕ್ಕಟ್ಟು ತಲೆದೋರುತ್ತದೆ. ಯಾರಿಗೋ ಬಡ್ತಿ ಸಿಕ್ಕಿರುತ್ತದೆ, ಇಲ್ಲವೇ ಯಾರೋ ಕೆಲಸ ಬಿಟ್ಟು ಹೊರಟಿರುತ್ತಾರೆ. ಹತ್ತು ಹನ್ನೆರಡು ಮಂದಿ ಸೇರಿ ರಾತ್ರಿ ಊಟಕ್ಕೆ ಹೋಗುವುದೆಂದು ತೀರ್ಮಾನವಾಗುತ್ತದೆ. ಎಲ್ಲಿಗೆ ಎಂಬ ಪ್ರಶ್ನೆ ಬಂದಾಗ ತಂಡದ ಉತ್ಸಾಹಿ ತರುಣನೊಬ್ಬ ಸ್ಟೇಕ್ ಹೌಸ್ ಒಂದರ ಹೆಸರು ಹೇಳುತ್ತಾನೆ. ಅಲ್ಲಿ ಸಂಗೀತವಿದೆ, ಜನರಿದ್ದಾರೆ, ಒಂದು ಗೆಲುವಿದೆ ಎನ್ನುತ್ತಾನೆ. ಮೂವರು ಹುರುಪಿನಿಂದ ಹೌದೆನ್ನುತ್ತಾರೆ, ಇಬ್ಬರು ಮೊಬೈಲ್ ನೋಡತೊಡಗುತ್ತಾರೆ, ಉಳಿದವರು ಸುಮ್ಮನಿರುತ್ತಾರೆ. ಕೊನೆಗೆ 'ಎಲ್ಲರಿಗೂ ಆಗುವಂಥದ್ದು' ಎಂಬ ಸಮಾಧಾನದ ಮಾತಿನೊಂದಿಗೆ ಪನೀರ್, ದಾಲ್, ನಾನ್‌ಗಳ ಸಸ್ಯಾಹಾರಿ ಬಫೆಯೊಂದರಲ್ಲಿ ಮೇಜು ಕಾಯ್ದಿರಿಸಲಾಗುತ್ತದೆ.

ಇಂಥ ಕ್ಷುಲ್ಲಕ ಸಂಗತಿಯ ಬಗ್ಗೆ ಇಷ್ಟು ಗಂಭೀರವಾಗಿ ಬರೆಯಬೇಕೇ ಎಂದು ಓದುಗರು ಕೇಳಬಹುದು. 'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ಗಾದೆ ನಮ್ಮಲ್ಲಿ ಇದ್ದೇ ಇದೆ. ಆದರೆ ಒಬ್ಬನೇ ಕುಳಿತು ಉಣ್ಣುವಾಗ ಒಪ್ಪುವ ಆ ಮಾತು ಹನ್ನೆರಡು ಮಂದಿಯ ಮೇಜಿಗೆ ಒಪ್ಪುವುದಿಲ್ಲ. ಯಾರು ಯಾರೊಡನೆ ಕುಳಿತು ಏನನ್ನು ತಿನ್ನಬಹುದು ಎಂಬ ಪ್ರಶ್ನೆಯ ಮೇಲೆಯೇ ನಮ್ಮ ಸಮಾಜ ಶತಮಾನಗಳ ಕಾಲ ತನ್ನ ಏಣಿಶ್ರೇಣಿಗಳನ್ನು ಕಟ್ಟಿಕೊಂಡು ಬಂದಿದೆ. 1917ರಲ್ಲಿ ಕೇರಳದ ಚೆರಾಯಿಯಲ್ಲಿ ಸಹೋದರನ್ ಅಯ್ಯಪ್ಪನ್ ಈಳವರನ್ನೂ ಪುಲಯರನ್ನೂ ಒಟ್ಟಿಗೆ ಕೂರಿಸಿ ಊಟ ಹಾಕಿಸಿದಾಗ ಅದು ಕ್ರಾಂತಿಯೆನಿಸಿತು. ಅವರ ಸ್ವಜಾತಿಯವರೇ ಅವರನ್ನು 'ಪುಲಯನ್ ಅಯ್ಯಪ್ಪನ್' ಎಂದು ಹೀಯಾಳಿಸಿದರು. 1936ರ 'ಜಾತಿ ವಿನಾಶ'ದಲ್ಲಿ ಅಂಬೇಡ್ಕರ್ ಅವರು ಸಹಭೋಜನವೊಂದರಿಂದಲೇ ಜಾತಿ ಅಳಿಯದೆಂದು ಖಚಿತವಾಗಿ ಹೇಳಿದರು. ಅವರ ಮಾತು ನಿಜವಾಯಿತು. ಒಟ್ಟಿಗೆ ಕೂರುವುದನ್ನು ಕಲಿತ ನಾವು, ಒಟ್ಟಿಗೆ ಕುಳಿತಾಗ ಯಾರ ಊಟ ಮೇಜಿನ ಮೇಲಿರಬೇಕು ಎಂಬುದನ್ನು ಮಾತ್ರ ಇನ್ನೂ ಮೊದಲಿನವರಿಗೇ ಬಿಟ್ಟುಕೊಟ್ಟಿದ್ದೇವೆ.

'ಎಲ್ಲರಿಗೂ ಆಗುವಂಥದ್ದು' ಎಂಬ ಮಾತನ್ನೇ ಸ್ವಲ್ಪ ಬಿಡಿಸಿ ನೋಡೋಣ. ಆ ಹನ್ನೆರಡು ಮಂದಿಯಲ್ಲಿ ಮಂಗಳೂರಿನ ಕ್ಯಾಥೊಲಿಕ್ ಒಬ್ಬರಿರಬಹುದು, ಕೋಟ್ಟಯಂನವರೊಬ್ಬರು, ಮಿಜೋರಾಮಿನಿಂದ ಬಂದ ಹುಡುಗಿಯೊಬ್ಬಳು, ಶಿವಾಜಿನಗರದ ಮುಸ್ಲಿಂ ಯುವಕನೊಬ್ಬ, ತನ್ನ ಮನೆಯ ಭಾನುವಾರದ ಅಡುಗೆಯ ಬಗ್ಗೆ ಕಚೇರಿಯಲ್ಲಿ ಎಂದೂ ಬಾಯಿಬಿಡದ ದಲಿತ ಇಂಜಿನಿಯರ್ ಒಬ್ಬ ಇರಬಹುದು. ಇವರೆಲ್ಲ ಪನೀರ್ ತಿನ್ನಬಲ್ಲರು, ನಿಜ. ತಿನ್ನುತ್ತಲೂ ಬಂದಿದ್ದಾರೆ. ಪ್ರತಿ ಬಾರಿಯೂ ಹೊಂದಿಕೊಳ್ಳುವವರು ಇವರೇ ಆಗಿದ್ದಾರೆ ಎಂಬುದು ಯಾರ ಗಮನಕ್ಕೂ ಬಾರದಷ್ಟು ಅದು ಸಹಜವಾಗಿಬಿಟ್ಟಿದೆ. ಮಧ್ಯಾಹ್ನದ ಡಬ್ಬಿ ತೆರೆಯುವಾಗ ಸುತ್ತ ಕಣ್ಣಾಡಿಸುವ ಅಭ್ಯಾಸ ಈ ನಗರದ ಸಾವಿರಾರು ಮಂದಿಗೆ ಇದೆ. ಅಂಥವರಿಗೆ ವರ್ಷಕ್ಕೊಂದು ರಾತ್ರಿಯಾದರೂ ತಮ್ಮ ರುಚಿಯ ಊಟವನ್ನು ಸಹೋದ್ಯೋಗಿಗಳ ನಡುವೆ ಎಗ್ಗಿಲ್ಲದೆ ಉಣ್ಣುವ ಅವಕಾಶ ಇರಬೇಡವೇ? ನಾನು ಮಾಂಸ ತಿನ್ನುವವನಲ್ಲ. ಹಾಗಿದ್ದೂ, ಅಥವಾ ಬಹುಶಃ ಹಾಗಿರುವುದರಿಂದಲೇ, ಆ ತರುಣನ ಸಲಹೆಯನ್ನು ತಳ್ಳಿಹಾಕಬಾರದು ಎಂದು ವಾದಿಸುತ್ತಿದ್ದೇನೆ. ಒಂದೇ ಷರತ್ತು: ಸ್ಟೇಕ್ ಹೌಸನ್ನು ಆರಿಸುವಾಗ ಅಲ್ಲಿ ಅತಿ ಹೆಚ್ಚು ಸುಖಪಡುವವನನ್ನು ಕೇಳಿ ಆರಿಸಬಾರದು. ಬಾರದಿರಲು ನೆಪ ಹುಡುಕುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಬೇಕು.

ಸ್ಟೇಕ್ ಹೌಸ್ ಎಂಬ ಸಂಸ್ಥೆಯೂ ಎಲ್ಲರಿಗೆ ಬಾಗಿಲು ತೆರೆದು ಹುಟ್ಟಿದ್ದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ನ್ಯೂಯಾರ್ಕಿನಲ್ಲಿ 'ಬೀಫ್‌ಸ್ಟೇಕ್' ಎಂದರೆ ಒಂದು ಕಾಲಕ್ಕೆ ಗಂಡಸರದೇ ಸಂತರ್ಪಣೆ. ಏಪ್ರನ್ ಕಟ್ಟಿಕೊಂಡು, ಚಾಕು ಚಮಚಗಳ ಗೊಡವೆಯಿಲ್ಲದೆ, ಮಾಂಸದ ತುಂಡುಗಳನ್ನು ಬ್ರೆಡ್ಡಿನ ಮೇಲಿಟ್ಟುಕೊಂಡು ಬಿಯರ್‌ನೊಂದಿಗೆ ಮುಗಿಸುತ್ತಿದ್ದರು. 1920ರಲ್ಲಿ ಅಮೆರಿಕದ ಮಹಿಳೆಯರಿಗೆ ಮತದಾನದ ಹಕ್ಕು ದೊರೆತ ಮೇಲೆ ರಾಜಕಾರಣಿಗಳು ಅವರನ್ನೂ ಕರೆಯತೊಡಗಿದರು, ಮೇಜಿನ ರೀತಿಯೇ ಬದಲಾಯಿತು. ಜೋಸೆಫ್ ಮಿಚೆಲ್ 1939ರಲ್ಲಿ 'ನ್ಯೂಯಾರ್ಕರ್' ಪತ್ರಿಕೆಗೆ ಬರೆದ ಲೇಖನದಲ್ಲಿ ಈ ಬದಲಾವಣೆಯನ್ನು ವಿನೋದವಾಗಿ ದಾಖಲಿಸಿದ್ದಾರೆ. ಅದೇ ನಗರದಲ್ಲಿ 1885ರಿಂದ ಇರುವ ಕೀನ್ಸ್ ಹೋಟೆಲಿನ ಒಳಗೆ ಹೆಂಗಸರಿಗೆ ಪ್ರವೇಶವಿಲ್ಲವೆಂದಾಗ ನಟಿ ಲಿಲಿ ಲ್ಯಾಂಗ್ಟ್ರಿ ನ್ಯಾಯಾಲಯದ ಮೆಟ್ಟಿಲೇರಿ ಗೆದ್ದಳು, ಗೆದ್ದು ಒಳಹೋಗಿ ಮಟನ್ ಚಾಪ್ ತರಿಸಿಕೊಂಡಳು ಎಂಬ ಕಥೆಯನ್ನು ಆ ಹೋಟೆಲಿನವರೇ ಇಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಮ್ಮ ನಗರದ ಕೆಲವು ಸ್ಟೇಕ್ ಹೌಸ್‌ಗಳಲ್ಲಿ ಇಂದಿಗೂ ಆ ಗಂಡಸರ ಕ್ಲಬ್ಬಿನ ವಾಸನೆ ಉಳಿದಿದೆ. ಕಂದು ಚರ್ಮದ ಆಸನಗಳು, ಮಂದ ಬೆಳಕು, ಮೆನು ಕಾರ್ಡನ್ನು ನೇರವಾಗಿ ಹಿರಿಯ ಗಂಡಸಿನ ಕೈಗೇ ಕೊಡುವ ಪರಿಚಾರಕ. ತಂಡದ ಅರ್ಧ ಮಂದಿ ಹೆಂಗಸರಾಗಿದ್ದರೆ ಇದನ್ನು ಮೊದಲೇ ಗಮನಿಸುವುದು ಒಳ್ಳೆಯದು.

ಬೆಂಗಳೂರಿಗೆ ಸ್ಟೇಕ್ ಹೊಸದೇನಲ್ಲ. 1809ರಲ್ಲಿ ಇಲ್ಲಿ ದಂಡು ನೆಲೆಯೂರಿದಾಗಲೇ ಅದರ ಬೆನ್ನಿಗೆ ಕಟುಕರೂ ಬೇಕರಿಯವರೂ ಬಟ್ಲರ್‌ಗಳೂ ಬಂದರು. ಆದರೆ ಸ್ಟೇಕ್ ಸಾಮಾನ್ಯ ಮಧ್ಯಮ ವರ್ಗದ ಯುವಜನರ ಕೈಗೆಟುಕಿದ್ದು 1965ರಲ್ಲಿ ಹಾರೂನ್ ಸುಲೇಮಾನ್ ಸೇಟ್ ಆರಂಭಿಸಿದ 'ದಿ ಓನ್ಲಿ ಪ್ಲೇಸ್'ನಂಥ ಕಡೆಗಳಲ್ಲಿ. ಮನೆಯ ಊಟಕ್ಕೆ ಹಾತೊರೆಯುತ್ತಿದ್ದ ಅಮೆರಿಕದ ಪೀಸ್ ಕೋರ್ ಸ್ವಯಂಸೇವಕರ ನಂಟಿನಿಂದ ಬೆಳೆದ ಆ ಹೋಟೆಲು ಸ್ಟೇಕನ್ನೂ ಆಪಲ್ ಪೈಯನ್ನೂ ಈ ಊರಿನದೇ ತಿನಿಸೆಂಬಷ್ಟು ಪರಿಚಿತವಾಗಿಸಿತು. ಅದೇ ದಶಕದಲ್ಲಿ ಮುಂಬೈಯಲ್ಲಿ ಶುರುವಾದ ಸಿಜ್ಲರ್ ಕೂಡ ಮುಂದೆ ಇಲ್ಲಿಗೆ ಬಂದು, ಕಾದ ಕಬ್ಬಿಣದ ತಟ್ಟೆಯ ಮೇಲೆ ಹೊಗೆಯಾಡುತ್ತ, ಹೋಟೆಲಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಮಾಡಿತು. ಈ ನಗರದ ಸ್ಟೇಕ್ ಎಂದರೆ ಸ್ಥೂಲವಾಗಿ ಈ ಎರಡೂ ಬಳ್ಳಿಗಳ ಬೆಸುಗೆ. ಮೇಲೊಂದಿಷ್ಟು ಸಾಸ್, ಪಕ್ಕದಲ್ಲಿ ಹಿಸುಕಿದ ಆಲೂಗೆಡ್ಡೆ, ಬೇಯಿಸಿದ ಕ್ಯಾರೆಟ್ಟು ಬೀನ್ಸು.

ತಟ್ಟೆಯಲ್ಲಿರುವುದು ಏನು ಎಂಬುದನ್ನೂ ತಿಳಿದಿರಬೇಕು. 1964ರ ಹಳೆಯ ಕಾಯ್ದೆಯಡಿ 12 ವರ್ಷ ದಾಟಿದ ಎತ್ತು, ಕೋಣಗಳ ವಧೆಗೆ ಅಧಿಕಾರಿಗಳ ಪ್ರಮಾಣಪತ್ರದ ಮೇಲೆ ಅವಕಾಶವಿತ್ತು. 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಆ ಅವಕಾಶವನ್ನು 13 ವರ್ಷ ದಾಟಿದ ಎಮ್ಮೆ, ಕೋಣಗಳಿಗಷ್ಟೇ ಸೀಮಿತಗೊಳಿಸಿದೆ. ದನದ ಮಾಂಸದ ಆಮದಿಗೆ ದೇಶದಲ್ಲಿ ನಿಷೇಧವಿದೆ. ಹೀಗಾಗಿ ಇಲ್ಲಿನ ಮೆನುವಿನಲ್ಲಿ 'ಬೀಫ್' ಎಂದಿದ್ದರೆ ಅದು ಎಮ್ಮೆಯ ಜಾತಿಯದೇ ಆಗಿರಬೇಕು. ಆ ಮಾಂಸದಲ್ಲಿ ಕೊಬ್ಬು ಕಡಿಮೆ, ವಯಸ್ಸಾದ ಪ್ರಾಣಿಯದಾದ್ದರಿಂದ ನಾರು ಗಟ್ಟಿ. ಬೆನ್ನೆಲುಬಿನ ಕೆಳಗೆ ಹೆಚ್ಚು ಕೆಲಸವಿಲ್ಲದೆ ಮೆತ್ತಗಿರುವ ಸ್ನಾಯುವಿನ ಭಾಗ, ಅಂದರೆ ಕಸಾಯಿಗಳು 'ಅಂಡರ್‌ಕಟ್' ಎನ್ನುವುದು, ಬಹುಮಟ್ಟಿಗೆ ಸ್ಟೇಕ್‌ಗೆ ಒದಗುವ ತುಂಡು. ಅಮೆರಿಕದ ಚಿತ್ರಗಳಲ್ಲಿ ಕಾಣುವ, ಕೊಬ್ಬಿನ ಬಿಳಿ ಗೆರೆಗಳುಳ್ಳ ಅಂಗೈ ದಪ್ಪದ ಮಾಂಸವನ್ನು ಇಲ್ಲಿ ನಿರೀಕ್ಷಿಸಿ ಹೋದವರು ನಿರಾಶರಾಗುತ್ತಾರೆ. ಜಪಾನಿನ ತಳಿಯ ಹೆಸರೋ ಸ್ಕಾಟ್ಲೆಂಡಿನ ತಳಿಯ ಹೆಸರೋ ಮೆನುವಿನಲ್ಲಿದ್ದರೆ, ಇದು ಎಲ್ಲಿಂದ ಬಂತು ಎಂದು ಸಂಕೋಚವಿಲ್ಲದೆ ಕೇಳಬೇಕು. ನೇರ ಉತ್ತರ ಕೊಡುವ ಹೋಟೆಲನ್ನು ನಂಬಬಹುದು.

ಈ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. ಹಸುವಿನ ಬಗ್ಗೆ ಶ್ರದ್ಧೆಯುಳ್ಳ ಸಹೋದ್ಯೋಗಿಗೆ ಪಕ್ಕದವರ ತಟ್ಟೆಯಲ್ಲಿರುವುದು ಏನೆಂಬ ಆತಂಕ ಇರುವುದು ಸಹಜ. ಅದನ್ನು ಗೇಲಿ ಮಾಡುವುದು ಅಸಭ್ಯತನ. ವಾಸ್ತವವನ್ನು ಮೊದಲೇ ತಿಳಿಸಿದರೆ ಕೆಲವರ ಅರ್ಧ ಅಳುಕು ಕಳೆಯುತ್ತದೆ. ಕಳೆಯದವರು ಬಾರದಿರಲಿ, ಅವರ ಮೇಲೆ ಒತ್ತಾಯ ಬೇಡ. ಆದರೆ ಒಬ್ಬರ ಅಳುಕು ಹನ್ನೊಂದು ಮಂದಿಯ ಮೇಲೆ ಖಾಯಂ ನಿಷೇಧಾಜ್ಞೆಯಾಗುವುದೂ ಬೇಡ. ಮುಂದಿನ ಸಲ ಅವರು ಹೇಳಿದ ಕಡೆ ಎಲ್ಲರೂ ಹೋಗಬಹುದಲ್ಲ.

ಸಸ್ಯಾಹಾರಿಗಳ ವಿಷಯಕ್ಕೆ ಬಂದರೆ, ನಮ್ಮ ಸ್ಟೇಕ್ ಹೌಸ್‌ಗಳು ಬಹುತೇಕ ಸೋಲುವುದು ಇಲ್ಲಿಯೇ. 'ವೆಜ್ ಆಪ್ಷನ್ಸ್ ಇವೆ' ಎಂಬ ಫೋನಿನ ಭರವಸೆಗೆ ಅರ್ಥವಿಲ್ಲ. ಎಲೆಕೋಸಿನ ಎಲೆಯ ಮೇಲೆ ಕೂರಿಸಿದ ಒಣ ಕಟ್ಲೆಟ್ ಒಂದನ್ನೇ ಸಸ್ಯಾಹಾರಿಗೆಂದು ತೋರಿಸುವ ಹೋಟೆಲು ಅವನನ್ನು ಅತಿಥಿಯೆಂದು ಎಣಿಸಿಲ್ಲ, ಜೊತೆಗೆ ಬಂದವನೆಂದು ಸಹಿಸಿಕೊಂಡಿದೆ, ಅಷ್ಟೆ. ಕೇಳಬೇಕಾದ ಪ್ರಶ್ನೆಗಳು ನೇರವಾಗಿರಬೇಕು. ಸಸ್ಯಾಹಾರಕ್ಕೆ ಬೇರೆ ಕಾವಲಿ ಇದೆಯೇ, ಅದೇ ಗ್ರಿಲ್‌ನ ಮೇಲೆ ಬದಿಗೆ ಸರಿಸಿ ಸುಡುತ್ತೀರಾ? ಆಲೂಗೆಡ್ಡೆ ಕರಿಯುವ ಎಣ್ಣೆಯಲ್ಲಿ ಬೇರೆ ಏನನ್ನು ಕರಿಯುತ್ತೀರಿ? ಅಣಬೆಯ ಸಾಸಿಗೆ ಮಾಂಸದ ಸಾರು ಹಾಕುತ್ತೀರಾ? ಮೂರನೆಯ ಪ್ರಶ್ನೆಗೆ ವ್ಯವಸ್ಥಾಪಕ ತಡವರಿಸಿದರೆ ಉತ್ತರ ಸಿಕ್ಕಂತೆಯೇ. ಇದಿಷ್ಟೂ ಸಂಭಾಷಣೆ ಎರಡು ದಿನ ಮೊದಲೇ, ಮೂರು ನಿಮಿಷದಲ್ಲಿ ಮುಗಿಯುವಂಥದ್ದು. ಊಟದ ಮೇಜಿನ ಮುಂದೆ, ಎಲ್ಲರ ಕಣ್ಣೆದುರು, ಸಸ್ಯಾಹಾರಿಯೇ ಈ ಪ್ರಶ್ನೆಗಳನ್ನು ಕೇಳುವಂತಾಗಬಾರದು. ಹಲಾಲ್ ಮಾಂಸವೇ ಎಂಬ ಪ್ರಶ್ನೆಗೂ ಇದೇ ಮಾತು ಅನ್ವಯಿಸುತ್ತದೆ.

ದೊಡ್ಡ ಗುಂಪಿಗೆ ಸ್ಟೇಕ್ ಸ್ವಭಾವತಃ ಅನುಕೂಲದ ಊಟವಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಬಿರಿಯಾನಿಯ ಹಂಡೆ ಒಂದೇ, ನೂರು ತಟ್ಟೆಗೂ ಅದೇ ರುಚಿ. ಸ್ಟೇಕ್ ಹಾಗಲ್ಲ. ಒಬ್ಬರಿಗೆ ಒಳಗೆ ಕೆಂಪಗಿರಬೇಕು, ಇನ್ನೊಬ್ಬರಿಗೆ ಗುಲಾಬಿ, ಮತ್ತೊಬ್ಬರಿಗೆ ಪೂರ್ತಿ ಬೆಂದಿರಬೇಕು. ಮಾಂಸದ ನಡುಭಾಗದ ಶಾಖ ಸುಮಾರು 52 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದಾಗ 'ರೇರ್', 57ರ ಸುಮಾರಿಗೆ 'ಮೀಡಿಯಂ ರೇರ್', 71 ದಾಟಿದರೆ 'ವೆಲ್‌ಡನ್'. ಈ ಇಪ್ಪತ್ತೇ ಡಿಗ್ರಿಗಳ ಅಂತರದಲ್ಲಿ ಹನ್ನೆರಡು ತುಂಡುಗಳನ್ನು ಹನ್ನೆರಡು ಬಗೆಯಲ್ಲಿ ನಿಲ್ಲಿಸಿ, ಒಲೆಯಿಂದ ಇಳಿಸಿ ಕೆಲವು ನಿಮಿಷ ಆರಲು ಬಿಟ್ಟು, ಎಲ್ಲವನ್ನೂ ಒಟ್ಟಿಗೆ ಬಿಸಿಯಾಗಿ ಮೇಜಿಗೆ ತರುವುದು ಯಾವ ಅಡುಗೆಮನೆಗೂ ಸುಲಭವಲ್ಲ. ಸಾಧಾರಣವಾಗಿ ಆಗುವುದೆಂದರೆ, ನಾಲ್ವರು ತಿಂದು ಮುಗಿಸುವ ಹೊತ್ತಿಗೆ ಉಳಿದ ನಾಲ್ವರ ತಟ್ಟೆ ಬರುತ್ತದೆ, ಕೊನೆಯ ನಾಲ್ವರು ಬ್ರೆಡ್ಡು ಮುರಿಯುತ್ತ ಕುಳಿತಿರುತ್ತಾರೆ. ಎಮ್ಮೆಯ ಮಾಂಸ ಹೆಚ್ಚು ಬೆಂದಷ್ಟೂ ಒಣಗುತ್ತದೆ ಎಂಬುದು ಬೇರೆ.

ಇದಕ್ಕೆ ಹಳೆಯ ಪರಿಹಾರವೊಂದಿದೆ. ಬ್ರೂಕ್ಲಿನ್‌ನಲ್ಲಿ 1887ರಲ್ಲಿ ಆರಂಭವಾದ ಪೀಟರ್ ಲೂಗರ್‌ನಲ್ಲಿ ಸ್ಟೇಕನ್ನು ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ ಎಂದು ತರಿಸಿಕೊಳ್ಳುತ್ತಾರೆ. ಹೋಳು ಮಾಡಿದ ಮಾಂಸ ಒಂದೇ ಹರಿವಾಣದಲ್ಲಿ ಬರುತ್ತದೆ, ಎಲ್ಲರೂ ಹಂಚಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿಯೂ ಮೊದಲೇ ಹೇಳಿದರೆ ಹೀಗೆ ಮಾಡಿಕೊಡಲು ಒಪ್ಪುವ ಅಡುಗೆಮನೆಗಳಿವೆ. ಎರಡೇ ಬಗೆಯ ಬೇಯಿಸುವಿಕೆ, ಮೂರು ನಾಲ್ಕು ಹರಿವಾಣ, ಕೋಳಿ ಮೀನುಗಳದೂ ಹಾಗೆಯೇ, ಸಸ್ಯಾಹಾರದ ಹರಿವಾಣಗಳು ಮೇಜಿನ ಇನ್ನೊಂದು ತುದಿಯಲ್ಲಿ ಬೇರೆ ಸೌಟಿನೊಂದಿಗೆ. ಹೀಗಾದಾಗ ಬೀಫ್ ತಿನ್ನದ, ಆದರೆ ಕೋಳಿ ತಿನ್ನುವ ನಡುವಿನವರು (ನಮ್ಮ ಕಚೇರಿಗಳಲ್ಲಿ ಇವರೇ ಬಹುಸಂಖ್ಯಾತರು) ಯಾವ ವಿವರಣೆಯನ್ನೂ ಕೊಡದೆ ತಮಗೆ ಬೇಕಾದುದನ್ನು ಬಡಿಸಿಕೊಳ್ಳುತ್ತಾರೆ. ಇದಕ್ಕೆ ಒಪ್ಪದ ಹೋಟೆಲಾದರೆ ಆರು ಮಂದಿಗಿಂತ ಹೆಚ್ಚಿನ ತಂಡವನ್ನು ಅಲ್ಲಿಗೆ ಕರೆದೊಯ್ಯದಿರುವುದೇ ಲೇಸು.

ಇನ್ನು 'ಗೆಲುವಿದೆ' ಎಂದ ಆ ತರುಣನ ಮಾತು. ಗೆಲುವೆಂದರೆ ನಮ್ಮಲ್ಲಿ ಸದ್ದು ಎಂದಾಗಿಬಿಟ್ಟಿದೆ. ಸುತ್ತಲ ಸದ್ದು ಹೆಚ್ಚಿದಂತೆಲ್ಲ ಮನುಷ್ಯ ತನಗರಿವಿಲ್ಲದೆಯೇ ದನಿಯೇರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ಗುರುತಿಸಿದ್ದ. ಎದುರಿನವನೊಡನೆ ಸಹಜವಾಗಿ ಮಾತನಾಡುವಾಗ ನಮ್ಮ ದನಿ ಸುಮಾರು 60 ಡೆಸಿಬೆಲ್. ಹೋಟೆಲಿನ ಸ್ಪೀಕರು ಅದನ್ನು ಮೀರಿಸಿದರೆ ಪ್ರತಿ ಮೇಜೂ ಪಕ್ಕದ ಮೇಜನ್ನು ಮೀರಿಸಹೊರಟು, ಒಂಬತ್ತೂವರೆಯ ಹೊತ್ತಿಗೆ ಎಲ್ಲರೂ ಕೂಗಾಡುತ್ತಿರುತ್ತಾರೆ, ಯಾರಿಗೂ ಏನೂ ಕೇಳಿಸುತ್ತಿರುವುದಿಲ್ಲ. ಹೊಸದಾಗಿ ಸೇರಿದವರು, ಇಂಗ್ಲಿಷಿನಲ್ಲಿ ಅಷ್ಟು ಸಲೀಸಿಲ್ಲದವರು, ಮೆಲುದನಿಯವರು ಮೊದಲು ಮೌನಿಗಳಾಗುತ್ತಾರೆ. ಕಿವಿ ಸ್ವಲ್ಪ ಮಂದವಾಗಿರುವ ಹಿರಿಯ ಸಹೋದ್ಯೋಗಿ ನಗುವುದು ಕಂಡಾಗ ತಾನೂ ನಗುತ್ತ ಎರಡು ಗಂಟೆ ಕಳೆಯುತ್ತಾರೆ. ಅದನ್ನು ಗೆಲುವು ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಒಂದೇ ಮಾತುಕತೆಯಲ್ಲಿ ನಾಲ್ಕು ಮಂದಿಗಿಂತ ಹೆಚ್ಚು ಜನ ಪಾಲ್ಗೊಳ್ಳುವುದು ಕಷ್ಟ, ಐದನೆಯವರು ಬಂದೊಡನೆ ಅದು ಎರಡಾಗಿ ಒಡೆಯುತ್ತದೆ ಎಂದು ರಾಬಿನ್ ಡನ್‌ಬಾರ್ 1990ರ ದಶಕದಲ್ಲಿ ತೋರಿಸಿಕೊಟ್ಟರು. ಹನ್ನೆರಡು ಮಂದಿಯನ್ನು ಉದ್ದನೆಯ ಒಂದೇ ಮೇಜಿನಲ್ಲಿ ಸಾಲಾಗಿ ಕೂರಿಸಿದರೆ ನಡುವೆ ಕುಳಿತ ಮುಖ್ಯಸ್ಥರ ಸುತ್ತ ನಗೆಯೂ ತುದಿಗಳಲ್ಲಿ ಮೊಬೈಲುಗಳೂ ಉಳಿಯುತ್ತವೆ. ಒಂದಕ್ಕೊಂದು ತಾಗಿಕೊಂಡ ಎರಡು ಮೂರು ಚೌಕ ಮೇಜುಗಳು ಇದಕ್ಕಿಂತ ಎಷ್ಟೋ ವಾಸಿ. ಜನ ನಡುನಡುವೆ ಎದ್ದು ಕುರ್ಚಿ ಬದಲಿಸಬಹುದು. ಸ್ಥಳವನ್ನು ನೋಡಲು ಹೋಗುವವರು ಸಂಜೆ ಆರಕ್ಕೆ ಹೋಗಿ ಪ್ರಯೋಜನವಿಲ್ಲ. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಹೋಗಿ, ಸ್ಪೀಕರಿನಿಂದ ದೂರವಿರುವ ಮೂಲೆ ಯಾವುದೆಂದು ನೋಡಿಕೊಂಡು, ಆ ಮೂಲೆಯನ್ನೇ ಕೇಳಬೇಕು.

ಹಣದ ವಿಷಯವನ್ನು ವಿದ್ಯಾವಂತರು ಬಾಯಿಬಿಟ್ಟು ಆಡುವುದಿಲ್ಲ. ಆದರೆ 'ಎಲ್ಲರೂ ಸಮವಾಗಿ ಹಂಚಿಕೊಳ್ಳೋಣ' ಎಂಬ ಉದಾರವಾಣಿಯಷ್ಟು ಅಸಮಾನವಾದುದು ಇನ್ನೊಂದಿಲ್ಲ. ಒಬ್ಬರು ಮೂರು ವಿಸ್ಕಿ, ಒಂದು ಸ್ಟೇಕ್. ಇನ್ನೊಬ್ಬರು ಸೂಪು, ಒಂದು ಲಿಂಬೆ ಸೋಡಾ. ಬಿಲ್ಲು ಹನ್ನೆರಡಾಗಿ ಒಡೆದಾಗ, ಕಳೆದ ತಿಂಗಳು ಸೇರಿದ ಹುಡುಗಿ ಊರಿಗೆ ಕಳಿಸಬೇಕಿದ್ದ ಹಣದಿಂದ ಮೇಲಧಿಕಾರಿಯ ವಿಸ್ಕಿಗೆ ಪಾಲು ಕೊಟ್ಟಿರುತ್ತಾಳೆ. ಮದ್ಯದ ಲೆಕ್ಕವನ್ನು ಆರಂಭದಲ್ಲೇ ಬೇರೆ ಬಿಲ್ಲಾಗಿ ಬರೆಸಿದರೆ ಈ ಪೇಚು ಬಹುಪಾಲು ತಪ್ಪುತ್ತದೆ. ಉಳಿದದ್ದನ್ನು ಸಂಬಳಕ್ಕೆ ತಕ್ಕಂತೆ ಹಿರಿಯರು ಹೆಚ್ಚು ಹೊರುವುದು ನಮ್ಮ ಮನೆಗಳಲ್ಲಿ ಇದ್ದ ಪದ್ಧತಿಯೇ. ಬಿಲ್ಲಿನ ಅಡಿಯಲ್ಲಿ ಶೇ 5ರ ಜಿಎಸ್‌ಟಿ ಇರುವುದು ಸರಿ. ಅದರ ಮೇಲೆ ಶೇ 10ರ 'ಸೇವಾ ಶುಲ್ಕ' ತಾನಾಗಿ ಬಂದು ಕುಳಿತಿದ್ದರೆ ತೆಗೆಸಬಹುದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದನ್ನು ಕಡ್ಡಾಯಗೊಳಿಸಕೂಡದೆಂದು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ತೆಗೆಸಿದ ಹಣವನ್ನು ಜೇಬಿಗಿಳಿಸದೆ ಪರಿಚಾರಕರ ಕೈಗೇ ಕೊಟ್ಟರೆ ಚೆನ್ನ. ಹನ್ನೆರಡು ಮಂದಿಯ ಮರ್ಜಿ ಹಿಡಿದು ಮೂರು ಗಂಟೆ ನಿಂತವರು ಅವರು.

ನಗರದ ಹೋಟೆಲು, ಬಾರುಗಳಿಗೆ ರಾತ್ರಿ ಒಂದರವರೆಗೆ ತೆರೆದಿರಲು 2024ರಲ್ಲಿ ಸರ್ಕಾರ ಅನುಮತಿ ವಿಸ್ತರಿಸಿತು. ತೆರೆದಿದೆಯೆಂದು ಎಲ್ಲರೂ ಕೂತಿರಬೇಕಾಗಿಲ್ಲ. ಕಾರಿದ್ದವರಿಗೆ ರಾತ್ರಿ ಹೊಸದಾಗಿ ಆರಂಭವಾಗುವ ಹೊತ್ತಿಗೆ ಪಿ.ಜಿ.ಯಲ್ಲಿ ವಾಸಿಸುವ ಹುಡುಗಿಯರು ಗೇಟು ಮುಚ್ಚುವ ಸಮಯವನ್ನು ಲೆಕ್ಕಹಾಕುತ್ತಿರುತ್ತಾರೆ. ಹೊರವರ್ತುಲ ರಸ್ತೆಯ ಹೊಳೆಯುವ ಹೊಸ ಜಾಗಕ್ಕಿಂತ ಮೆಟ್ರೊ ನಿಲ್ದಾಣಕ್ಕೆ ನಡೆದು ತಲುಪಬಹುದಾದ ಹಳೆಯ ಜಾಗವನ್ನು ನಾನು ಮೆಚ್ಚುವುದು ಈ ಕಾರಣಕ್ಕೆ. 2023ರ ಅಕ್ಟೋಬರಿನಿಂದ ನೇರಳೆ ಮಾರ್ಗ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಪೂರ್ತಿಯಾಗಿ ಓಡುತ್ತಿದೆ. ಚರ್ಚ್ ಸ್ಟ್ರೀಟ್, ಮ್ಯೂಸಿಯಂ ರಸ್ತೆಗಳ ಹೋಟೆಲುಗಳಿಗೆ ಎಂ.ಜಿ. ರಸ್ತೆ ನಿಲ್ದಾಣ ಕೂಗಳತೆಯ ದೂರ. ಏಳೂವರೆಗೆ ಕುಳಿತು, ಎಂಟೂವರೆಗೆ ಹರಿವಾಣಗಳು ಬಂದು, ಹತ್ತು ಗಂಟೆಗೆ ಬಿಲ್ಲು ತರಿಸಿದರೆ, ಉಳಿಯಬೇಕೆನ್ನುವವರು ಉಳಿಯಬಹುದು, ಹೊರಡಬೇಕಾದವರು ಯಾರ ಅಪ್ಪಣೆಯನ್ನೂ ಕೇಳದೆ ರೈಲು ಹಿಡಿಯಬಹುದು.